ಕರುಳಿನ ಜೀವಿಗಳಿಗೆ ಅಂಕ ಕೊಡುವ ಮುನ್ನ

ಪರಿಚಿತರೊಬ್ಬರು ಈಚೆಗೆ ತಮ್ಮ ಕರುಳಿನ ಸೂಕ್ಷ್ಮಜೀವಿಗಳ ಪರೀಕ್ಷಾ ವರದಿಯನ್ನು ನನಗೆ ಕಳಿಸಿ, ಅದನ್ನು ಓದಿ ಅರ್ಥ ಹೇಳಬೇಕೆಂದು ಕೇಳಿಕೊಂಡರು. ಪದವಿಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದವನೆಂಬ ಕಾರಣಕ್ಕೆ ಇಂಥ ಕಾಗದಗಳು ಆಗಾಗ ನನ್ನ ಬಳಿ ಬರುತ್ತಿರುತ್ತವೆ. ಮಲದ ಮಾದರಿಯಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದಿ ಸಿದ್ಧಪಡಿಸಿದ ವರದಿ ಅದು. ಒಂದು ಬದಿಯಲ್ಲಿ ಹಸಿರು ಬಣ್ಣದಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳ ಹೆಸರು, ಇನ್ನೊಂದು ಬದಿಯಲ್ಲಿ ಕೆಂಪು ಬಣ್ಣದಲ್ಲಿ ಕೆಟ್ಟವುಗಳ ಹೆಸರು, ಕೊನೆಯಲ್ಲಿ ನೂರಕ್ಕೆ ಇಂತಿಷ್ಟೆಂದು ಒಂದು ಅಂಕ, ಅದರ ಕೆಳಗೆ ಕೊಳ್ಳಬೇಕಾದ ಕ್ಯಾಪ್ಸೂಲುಗಳ ಪಟ್ಟಿ. ಅವರಿಗೆ ಸಿಕ್ಕ ಅಂಕ ಕಡಿಮೆಯಿತ್ತು. ಹೊಟ್ಟೆಯ ತೊಂದರೆ ಯಾವುದೂ ಇರದಿದ್ದ ಆ ಮನುಷ್ಯರಿಗೆ ವರದಿ ಕೈಗೆ ಬಂದಾಗಿನಿಂದ ಊಟ ಮಾಡುವುದೇ ಒಂದು ಚಿಂತೆಯಾಗಿತ್ತು.

ಆ ಎರಡು ಬಣ್ಣಗಳು ನನ್ನನ್ನು ಇನ್ನೂ ಕಾಡುತ್ತಿವೆ. ಮೈಕ್ರೋಬಯೋಮ್, ಅಂದರೆ ನಮ್ಮ ದೇಹದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ಸಮುದಾಯದ ಕುರಿತು ಕಳೆದ ಎರಡು ದಶಕಗಳಲ್ಲಿ ತಿಳಿದುಬಂದಿರುವುದು ಅಪಾರ. ವೈದ್ಯಶಾಸ್ತ್ರದ ಹಲವು ಅಧ್ಯಾಯಗಳನ್ನು ತಿದ್ದಿ ಬರೆಯಬೇಕಾದಷ್ಟು ಅದು ಮಹತ್ವದ್ದೆಂದು ನಾನು ಮನಸಾರೆ ನಂಬುತ್ತೇನೆ. ಆದರೆ ಆ ತಿಳಿವಿನಲ್ಲೆಲ್ಲ ಬಹಳ ಬೆಲೆಯುಳ್ಳದ್ದೆಂದು ನನಗೆ ತೋರುವ ಮಾತನ್ನೇ ಇಂಥ ವರದಿಗಳು ಅಳಿಸಿಹಾಕುತ್ತವೆ. ಒಂದು ಸೂಕ್ಷ್ಮಜೀವಿ ನಮಗೆ ಹಿತವೋ ಅಹಿತವೋ ಎಂಬುದು ಅದರ ಹೆಸರಿನಲ್ಲಿ ಬರೆದಿರುವುದಿಲ್ಲ. ಅದು ದೇಹದ ಯಾವ ಭಾಗದಲ್ಲಿದೆ, ಯಾರ ನೆರೆಯಲ್ಲಿದೆ, ಏನನ್ನು ತಿಂದು ಏನನ್ನು ಹೊರಬಿಡುತ್ತಿದೆ, ಅದನ್ನು ಹೊತ್ತ ದೇಹ ಯಾವ ಸ್ಥಿತಿಯಲ್ಲಿದೆ ಎಂಬ ಸಂಗತಿಗಳೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಲಿತೆ.

ಅಂಕಿಗಳನ್ನು ಒಮ್ಮೆ ನೋಡಿ ಮುಂದೆ ಹೋಗೋಣ. ನಮ್ಮ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು ಎಂಬ ಮಾತು 1970ರ ದಶಕದ ಒಂದು ಅಂದಾಜಿನಿಂದ ಹುಟ್ಟಿ ಎಲ್ಲೆಡೆ ಹರಡಿತ್ತು. 2016ರಲ್ಲಿ ರಾನ್ ಸೆಂಡರ್, ಶಾಯ್ ಫುಕ್ಸ್ ಮತ್ತು ರಾನ್ ಮಿಲೊ ಅದನ್ನು ಮತ್ತೆ ಲೆಕ್ಕಹಾಕಿದಾಗ, ಸಾಧಾರಣ ಮೈಕಟ್ಟಿನ ವಯಸ್ಕನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳೂ ಸುಮಾರು 30 ಲಕ್ಷ ಕೋಟಿ ಮಾನವ ಕೋಶಗಳೂ ಇರುತ್ತವೆಂದು ತಿಳಿಯಿತು. ಅಂದರೆ ಇಬ್ಬರದೂ ಹೆಚ್ಚುಕಡಿಮೆ ಸಮಸಂಖ್ಯೆ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ, ಅವುಗಳಲ್ಲಿ ಬಹುಪಾಲಿನ ವಾಸ ದೊಡ್ಡಕರುಳಿನಲ್ಲಿ.

ಗುಣವಾದ ಮೇಲೆ ಬಂದ ಕಾಯಿಲೆ

ಅಪ್ಪನಿಗೆ ನ್ಯುಮೋನಿಯಾ ಆಗಿತ್ತು. ವಯಸ್ಸಾದ ದೇಹ, ಉಸಿರಾಟ ತೀರಾ ಕಷ್ಟವಾಗಿತ್ತು. ಪ್ರಬಲವಾದ ಆಂಟಿಬಯೋಟಿಕ್ ಕೊಟ್ಟು ವೈದ್ಯರು ಅವರನ್ನು ಉಳಿಸಿದರು. ಆ ಔಷಧ ಇಲ್ಲದಿದ್ದರೆ ಅಪ್ಪ ಉಳಿಯುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಜ್ವರ ಇಳಿದು, ಎದೆಯ ಎಕ್ಸ್‌ರೇ ತಿಳಿಯಾಗಿ, ಇನ್ನೇನು ಮನೆಗೆ ಕರೆದುಕೊಂಡು ಹೋಗಬಹುದೆನ್ನುವ ಹೊತ್ತಿಗೆ ಭೇದಿ ಶುರುವಾಯಿತು. ಅದು ಎಂದಿನ ಭೇದಿಯಾಗಿರಲಿಲ್ಲ. ಹೊಟ್ಟೆ ಉಬ್ಬರಿಸಿ ನೋಯುತ್ತಿತ್ತು, ಬಿಳಿ ರಕ್ತಕಣಗಳ ಸಂಖ್ಯೆ ಮತ್ತೆ ಏರಿತ್ತು, ಮಾತನಾಡುವಷ್ಟೂ ತ್ರಾಣ ಉಳಿದಿರಲಿಲ್ಲ. "ಅಲ್ಲವೋ, ವಾಸಿಯಾಯಿತು ಅಂದರಲ್ಲ, ಮತ್ತೆ ಇದೇನು?" ಎಂದು ಅಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಲ ಪರೀಕ್ಷೆಯ ಫಲಿತಾಂಶ ಹಿಡಿದು ಬಂದ ಡಾಕ್ಟರು ಹೇಳಿದ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ್ದು.

ಅಂದು ಸಂಜೆ ಅಪ್ಪನನ್ನು ಬೇರೆ ಕೋಣೆಗೆ ಸಾಗಿಸಿ, ಬಾಗಿಲಿಗೆ ಒಂದು ಸೂಚನೆ ಅಂಟಿಸಿದರು. ನಾನು ಅಭ್ಯಾಸಬಲದಿಂದ ಗೋಡೆಯ ಮೇಲಿದ್ದ ಸ್ಯಾನಿಟೈಸರ್ ಒತ್ತಿ ಕೈ ಉಜ್ಜಿಕೊಳ್ಳುತ್ತಿದ್ದಾಗ ನರ್ಸ್ ತಡೆದು, "ಇದಕ್ಕೆ ಅದು ಸಾಲದು, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ" ಎಂದರು. ಡಿಫಿಸಿಲ್ ಪ್ರತಿಕೂಲ ಸ್ಥಿತಿಯಲ್ಲಿ ಗಟ್ಟಿ ಕವಚದ ಸ್ಪೋರ್ ಆಗಿ ಉಳಿಯುತ್ತದೆ. ಆಲ್ಕೋಹಾಲ್ ಆ ಕವಚವನ್ನು ಏನೂ ಮಾಡಲಾರದು, ನೀರು ಮಾತ್ರ ಅದನ್ನು ಚರ್ಮದಿಂದ ತೊಳೆದು ಹಾಕಬಲ್ಲದು. ಮಂಚದ ಸರಳು, ಮೇಜಿನ ಅಂಚು, ಬಾಗಿಲ ಹಿಡಿ ಎಲ್ಲವನ್ನೂ ಬ್ಲೀಚ್ ದ್ರಾವಣದಲ್ಲಿ ಒರೆಸುತ್ತಿದ್ದ ಆ ಸಿಬ್ಬಂದಿಯ ತಾಳ್ಮೆಯನ್ನು ನಾನು ಈಗಲೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಈ ಜೀವಿ ಆರೋಗ್ಯವಂತರ ಕರುಳಿನಲ್ಲಿಯೂ ಕೆಲವೊಮ್ಮೆ ಇರುತ್ತದೆ, ಇದ್ದು ಸುಮ್ಮನಿರುತ್ತದೆ. ಅದನ್ನು ಸುಮ್ಮನಿರಿಸುವುದು ನೆರೆಯ ಬ್ಯಾಕ್ಟೀರಿಯಾಗಳು. ನಮ್ಮ ಯಕೃತ್ತು ತಯಾರಿಸುವ ಪಿತ್ತಾಮ್ಲಗಳಲ್ಲಿ ಕೆಲವು ಡಿಫಿಸಿಲ್‌ನ ಸ್ಪೋರ್ ಒಡೆದು ಮೊಳೆಯುವಂತೆ ಪ್ರಚೋದಿಸುತ್ತವೆ. ದೊಡ್ಡಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದೇ ಪಿತ್ತಾಮ್ಲಗಳನ್ನು ಡಿಆಕ್ಸಿಕೋಲಿಕ್ ಆಮ್ಲದಂಥ ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಫಿಸಿಲ್ ಬೆಳೆಯದಂತೆ ತಡೆಯುತ್ತದೆ. ಆಂಟಿಬಯೋಟಿಕ್ ಶ್ವಾಸಕೋಶದ ಸೋಂಕನ್ನು ಕೊಲ್ಲುವಾಗ ಈ ಕೆಲಸಗಾರರನ್ನೂ ಕೊಲ್ಲುತ್ತದೆ. ಉತ್ತು ಖಾಲಿ ಬಿಟ್ಟ ಹೊಲದಲ್ಲಿ ಮೊದಲು ಏಳುವುದು ಕಳೆ, ಹಾಗೆಯೇ ಇಲ್ಲಿಯೂ. ಈ ಕಾವಲು ಕೆಲಸದಲ್ಲಿ ಮುಂಚೂಣಿಯಲ್ಲಿರುವುದೆಂದು ಇಲಿಗಳ ಮೇಲಿನ ಪ್ರಯೋಗದಲ್ಲಿ 2015ರಲ್ಲಿ ಗುರುತಿಸಿದ ಜೀವಿಯ ಹೆಸರು ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್. ಹೆಸರು ನೋಡಿದರೆ ಡಿಫಿಸಿಲ್‌ನ ನಂಟನೇ; ಡಿಫಿಸಿಲ್ ಕೂಡ ಮೊದಲು ಕ್ಲಾಸ್ಟ್ರಿಡಿಯಮ್ ಕುಲದಲ್ಲೇ ಇತ್ತು. ಕ್ಲಾಸ್ಟ್ರಿಡಿಯಮ್ ಎಂಬ ಕುಲವನ್ನೇ ಕೆಂಪು ಪಟ್ಟಿಗೆ ಸೇರಿಸುವ ವರದಿಯೊಂದು ಕಾವಲುಗಾರನನ್ನೂ ಕಳ್ಳನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ.

ಈ ನೆರೆಹೊರೆಯ ಬಲ ಎಷ್ಟಿದೆಯೆಂಬುದು 1950ರ ದಶಕದಲ್ಲಿಯೇ ಗೊತ್ತಾಗಿತ್ತು. ಮಾರ್ಜೊರಿ ಬಾನ್‌ಹಾಫ್ ಮತ್ತು ಫಿಲಿಪ್ ಮಿಲ್ಲರ್ ಇಲಿಗಳಿಗೆ ಬಾಯಿಯ ಮೂಲಕ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಕೊಟ್ಟು ನೋಡಿದರು. ಮಾಮೂಲು ಇಲಿಗೆ ಸೋಂಕು ತಗಲಬೇಕಾದರೆ ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾಗಳು ಬೇಕಾದವು. ಮೊದಲೇ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾದವು. ಸಾಲ್ಮೊನೆಲ್ಲಾ ಅದೇ, ಇಲಿಯ ತಳಿಯೂ ಅದೇ. ನಡುವಿನ ನೆರೆಹೊರೆ ಮಾತ್ರ ಇರಲಿಲ್ಲ.

ಅಪ್ಪನಿಗೆ ಬಾಯಿಯ ಮೂಲಕ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಟ್ಟರು. ಅದು ರಕ್ತಕ್ಕೆ ಸೇರದೆ ಕರುಳಿನಲ್ಲಿಯೇ ಉಳಿದು ಕೆಲಸ ಮಾಡುತ್ತದೆ. ಅವರ ಮಟ್ಟಿಗೆ ಅಷ್ಟು ಸಾಕಾಯಿತು. ಆದರೆ ಹಲವರಿಗೆ ಔಷಧ ನಿಲ್ಲಿಸಿದ ಕೂಡಲೇ ಕಾಯಿಲೆ ಮರಳುತ್ತದೆ, ಏಕೆಂದರೆ ವ್ಯಾಂಕೊಮೈಸಿನ್ ಕೂಡ ಹೊಲವನ್ನು ಖಾಲಿಯಾಗಿಯೇ ಬಿಡುತ್ತದೆ. ಅಂಥವರಿಗೆ ಆರೋಗ್ಯವಂತರ ಮಲವನ್ನೇ ಸಂಸ್ಕರಿಸಿ ಕರುಳಿಗೆ ಸೇರಿಸುವ ಚಿಕಿತ್ಸೆಯನ್ನು ಅಮೆರಿಕದ ಶಸ್ತ್ರವೈದ್ಯ ಬೆನ್ ಐಸ್ಮನ್ ಮತ್ತು ಸಂಗಡಿಗರು 1958ರಲ್ಲಿಯೇ ನಾಲ್ವರು ರೋಗಿಗಳ ವಿಷಯದಲ್ಲಿ ವರದಿ ಮಾಡಿದ್ದರು. ಅಸಹ್ಯವೆಂದೋ ಅಶಾಸ್ತ್ರೀಯವೆಂದೋ ಅದು ದಶಕಗಳ ಕಾಲ ಮೂಲೆಗೆ ಸರಿದಿತ್ತು. 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ, ಈ ಚಿಕಿತ್ಸೆ ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು, ಉಳಿದ ಮೂವರಲ್ಲಿ ಇಬ್ಬರು ಎರಡನೆಯ ಸಲಕ್ಕೆ. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಇದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಶವೊಂದಿದೆ. ರೋಗಿಗಳಿಗೆ ಕೊಟ್ಟದ್ದು ಆರಿಸಿ ತೆಗೆದ ಯಾವುದೋ ಒಂದು ಒಳ್ಳೆಯ ಬ್ಯಾಕ್ಟೀರಿಯಾವಲ್ಲ, ಇಡೀ ಸಮುದಾಯವನ್ನು. ಹಾಗೆಯೇ ಅದರ ಅಪಾಯವೂ ಅಲ್ಲಿಯೇ ಇದೆ: 2019ರಲ್ಲಿ ಅಮೆರಿಕದಲ್ಲಿ, ದಾನಿಯ ಮಲದಲ್ಲಿದ್ದ ಔಷಧ ನಿರೋಧಕ ಇ. ಕೋಲಿಯಿಂದ ರೋಗಿಯೊಬ್ಬರು ತೀರಿಕೊಂಡರು. ದಾನಿಗೆ ಆ ಬ್ಯಾಕ್ಟೀರಿಯಾ ಏನೂ ಮಾಡಿರಲಿಲ್ಲ. ತೀರಿಕೊಂಡವರ ರೋಗನಿರೋಧಕ ಶಕ್ತಿ ಕುಂದಿತ್ತು.

ಇದ್ದ ಜಾಗ, ಸೇರಿದ ಜಾಗ

ಪದವಿ ತರಗತಿಯ ಪ್ರಯೋಗಾಲಯದಲ್ಲಿ ನಮಗೆ ಬ್ಯಾಕ್ಟೀರಿಯಾಗಳನ್ನು ಎರಡು ಬಣ್ಣಗಳಿಂದ ಗುರುತಿಸುವ ‘ಗ್ರಾಮ್ ಬಣ್ಣ’ ಹಾಕುವುದನ್ನು ಕಲಿಸಿದ್ದು ನಮ್ಮದೇ ಹಲ್ಲಿನ ಪಾಚಿಯಿಂದ. ಹಲ್ಲುಕಡ್ಡಿಯಿಂದ ಒಸಡಿನಂಚನ್ನು ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಕದಡಿ, ಬೆಂಕಿಯ ಮೇಲೆ ಹಾಯಿಸಿ ಒಣಗಿಸಬೇಕು. ಅದರ ಮೇಲೆ ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲ್, ಕೊನೆಗೆ ಕೆಂಪು ಸ್ಯಾಫ್ರನಿನ್. ಎಣ್ಣೆಯ ಹನಿಗೆ ಲೆನ್ಸ್ ತಾಗಿಸಿ, ಸೂಕ್ಷ್ಮದರ್ಶಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಾಗ ಮಸುಕು ಸರಿದು ಒಮ್ಮೆಲೇ ಎಲ್ಲ ಕಂಡಿತು. ನೇರಳೆ ಮಣಿಗಳನ್ನು ಪೋಣಿಸಿದಂಥ ಸ್ಟ್ರೆಪ್ಟೊಕಾಕಸ್ ಸರಗಳು, ಎರಡೂ ತುದಿ ಚೂಪಾದ ಗುಲಾಬಿ ಬಣ್ಣದ ಉದ್ದನೆಯ ಕಡ್ಡಿಗಳು, ಅವುಗಳ ನಡುವೆ ನನ್ನದೇ ಕೆನ್ನೆಯ ಒಳಪೊರೆಯ ಒಂದು ದೊಡ್ಡ ಕೋಶ, ಅದರ ಮೈತುಂಬ ಅಂಟಿಕೊಂಡ ಬ್ಯಾಕ್ಟೀರಿಯಾಗಳು. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ್ದೂ ಹಲ್ಲಿನ ಪಾಚಿಯಲ್ಲಿ ಕಂಡ ಇಂಥ ಜೀವಿಗಳನ್ನೇ. ಆತ ಕಂಡವು ಜೀವಂತವಾಗಿ ಈಜಾಡುತ್ತಿದ್ದವು. ನಮ್ಮವು ಬೆಂಕಿಗೆ ಸತ್ತಿದ್ದವು.

ಆ ದಿನ ನಮ್ಮ ಅಧ್ಯಾಪಕರು ಹೇಳಿದ ಮಾತಿನ ಬೆಲೆ ನನಗೆ ಮುಂದೆ ತಿಳಿಯಿತು. ಈ ಸರಗಳು ಬಾಯಿಯಲ್ಲಿದ್ದರೆ ಬಾಯಿಯ ಖಾಯಂ ನಿವಾಸಿಗಳು, ಇವೇ ರಕ್ತಕ್ಕಿಳಿದು ಹಾನಿಗೊಂಡ ಹೃದಯದ ಕವಾಟದ ಮೇಲೆ ಕುಳಿತರೆ ಜೀವ ತೆಗೆಯಬಲ್ಲವು ಎಂದಿದ್ದರು. ಅದಕ್ಕಾಗಿಯೇ ಕೃತಕ ಕವಾಟ ಇರುವವರಿಗೆ ಕೆಲವು ಬಗೆಯ ದಂತಚಿಕಿತ್ಸೆಗೆ ಮುನ್ನ ಆಂಟಿಬಯೋಟಿಕ್ ಕೊಡುತ್ತಾರೆ. ಕರುಳಿನ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ವಿಷಯವೂ ಹೀಗೆಯೇ. ಅಪೆಂಡಿಕ್ಸ್ ಒಡೆದು ಉದರದೊಳಕ್ಕೆ ಚೆಲ್ಲಿದಾಗ ಕೀವುಗಟ್ಟಿಸುವವರಲ್ಲಿ ಅದು ಪ್ರಮುಖ. ಅದರ ಮೇಲ್ಮೈಯ ಸಕ್ಕರೆಯ ಒಂದು ಸರಪಳಿ ಇಲಿಗಳ ಕರುಳಿನಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಶಾಂತಗೊಳಿಸಿ ಉರಿಯೂತ ತಡೆಯುತ್ತದೆಂದು ಸಾರ್ಕಿಸ್ ಮಜ್ಮಾನಿಯನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಕರುಳಿನ ಗೋಡೆಯ ಒಳಗಿದ್ದರೆ ಒಂದು ಫಲ, ಹೊರಗೆ ಬಿದ್ದರೆ ಇನ್ನೊಂದು.

ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡದ್ದು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದದ್ದು ಪ್ರಸಿದ್ಧ. ಅಲ್ಸರ್‌ಗೂ ಜಠರದ ಕ್ಯಾನ್ಸರ್‌ಗೂ ಅದು ಕಾರಣವಾಗುತ್ತದೆಂಬುದು ನಿಸ್ಸಂಶಯ, ಅಂಥ ರೋಗಿಯಲ್ಲಿ ಅದನ್ನು ನಿರ್ಮೂಲ ಮಾಡಲೇಬೇಕು. ಆದರೂ ಅದನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಅಲ್ಸರ್ ಆಗುವುದಿಲ್ಲ, ಮತ್ತು ಅದಿರುವವರಲ್ಲಿ ಅನ್ನನಾಳದ ಒಂದು ಬಗೆಯ ಕ್ಯಾನ್ಸರ್ ಕಡಿಮೆ ಕಾಣಿಸುತ್ತದೆ. ಇ. ಕೋಲಿಯೂ ವರದಿಗಳಲ್ಲಿ ಸಾಮಾನ್ಯವಾಗಿ ಕೆಂಪಿನಲ್ಲಿಯೇ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನವರೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗ ಕಾಯಿಲೆ ಬೀಳದೆ ಉಳಿದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಸ್ಲೆ 1917ರಲ್ಲಿ ಬೇರ್ಪಡಿಸಿದ ಇ. ಕೋಲಿ ತಳಿ ಇಂದಿಗೂ ಔಷಧವಾಗಿ ಬಳಕೆಯಲ್ಲಿದೆ. ಮೂತ್ರಪಿಂಡವನ್ನು ಕೆಡಿಸಬಲ್ಲ ಒ157 ತಳಿಯೂ ಇ. ಕೋಲಿಯೇ. ವರದಿ ಅದಾವುದನ್ನೂ ಬಿಡಿಸಿ ಹೇಳುವುದಿಲ್ಲ, ಬ್ಯಾಕ್ಟೀರಿಯಾಗಳ ಒಂದೇ ಒಂದು ಜೀನನ್ನು ಓದುವ, ಸಾಮಾನ್ಯವಾಗಿ ಬಳಸುವ 16ಎಸ್ ಪರೀಕ್ಷೆ ಹೆಚ್ಚಾಗಿ ಕುಲದ ಹೆಸರಿಗೇ ನಿಂತುಬಿಡುತ್ತದೆ. ಹಸಿರು ಪಟ್ಟಿಯ ತಲೆಯಲ್ಲಿ ಕೂರಿಸುವ ಅಕ್ಕರ್‌ಮ್ಯಾನ್ಸಿಯಾ ಕೂಡ ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಹಲವು ಅಧ್ಯಯನಗಳ ಪ್ರಕಾರ ಹೆಚ್ಚಾಗಿರುತ್ತದೆ. ಕಾರಣವಾಗಿಯೋ ಪರಿಣಾಮವಾಗಿಯೋ ಎಂಬುದು ಇತ್ಯರ್ಥವಾಗಿಲ್ಲ.

ಕಾರಣ ಯಾವುದು, ಪರಿಣಾಮ ಯಾವುದು

ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವ ಅವಸರ ಈ ಕ್ಷೇತ್ರಕ್ಕೆ ಬಹಳ ನಷ್ಟ ಮಾಡಿದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ರೋಗಿಗಳ ಮತ್ತು ಆರೋಗ್ಯವಂತರ ಮಲವನ್ನು ಹೋಲಿಸಿದರೆ ವ್ಯತ್ಯಾಸ ಕಂಡೇ ಕಾಣುತ್ತದೆ. ರೋಗಿ ಊಟ ಬದಲಿಸಿರುತ್ತಾನೆ, ಔಷಧ ತಿನ್ನುತ್ತಿರುತ್ತಾನೆ, ಅವನ ಕರುಳಿನ ಚಲನೆ ನಿಧಾನವಾಗಿರುತ್ತದೆ, ಇವೆಲ್ಲವೂ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತವೆ. ಬ್ಯಾಕ್ಟೀರಿಯಾವೇ ಇಲ್ಲದ ಜಾಗದಲ್ಲಿ ಅವನ್ನು ಕಂಡೆವೆಂದು ಹೇಳಿದ್ದೂ ಉಂಟು. ಆರೋಗ್ಯವಂತ ತಾಯಿಯ ಮಾಸಿನಲ್ಲಿಯೇ (ಪ್ಲಸೆಂಟಾ) ಮೈಕ್ರೋಬಯೋಮ್ ಇದೆಯೆಂದು 2014ರಲ್ಲಿ ದೊಡ್ಡ ಸುದ್ದಿಯಾಯಿತು. 500ಕ್ಕೂ ಹೆಚ್ಚು ಹೆರಿಗೆಗಳ ಮಾದರಿಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಕೇಂಬ್ರಿಡ್ಜ್ ತಂಡ, ಅಲ್ಲಿ ಕಂಡ ಬಹುಪಾಲು ಡಿಎನ್‌ಎ ಪ್ರಯೋಗಾಲಯದ ರಾಸಾಯನಿಕಗಳಿಂದಲೂ ಹೆರಿಗೆಯ ವೇಳೆಯ ಸಂಪರ್ಕದಿಂದಲೂ ಸೇರಿಕೊಂಡದ್ದೆಂದು 2019ರಲ್ಲಿ ತೋರಿಸಿತು. ಒಂದೊಂದು ಕ್ಯಾನ್ಸರ್ ಗಡ್ಡೆಗೂ ತನ್ನದೇ ಆದ ಬ್ಯಾಕ್ಟೀರಿಯಾ ಗುರುತಿದೆ ಎಂದು 2020ರಲ್ಲಿ ಪ್ರಕಟವಾದ ಪ್ರಬಂಧವನ್ನು 2024ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಇಂಥ ತಿದ್ದುಪಡಿಗಳು ನನ್ನಲ್ಲಿ ವಿಶ್ವಾಸವನ್ನು ಹೆಚ್ಚಿಸುತ್ತವೆ. ತಿದ್ದುಪಡಿಗೆ ಕಾಯದೆ ಮಾರಾಟಕ್ಕಿಳಿಯುವುದು ನನ್ನನ್ನು ನೋಯಿಸುತ್ತದೆ.

ಎಚ್ಚರಿಕೆಯಿಂದ ಕೇಳಿದ ಪ್ರಶ್ನೆ ಎಷ್ಟು ಸೊಗಸಾದ ಉತ್ತರ ಕೊಡಬಲ್ಲದೆಂಬುದಕ್ಕೆ ಜೆಫ್ರಿ ಗಾರ್ಡನ್ ಅವರ ತಂಡ 2013ರಲ್ಲಿ ಮಾಡಿದ ಕೆಲಸ ಸಾಕ್ಷಿ. ಅವಳಿಗಳಲ್ಲಿ ಒಬ್ಬರು ಸ್ಥೂಲ, ಇನ್ನೊಬ್ಬರು ಕೃಶ. ಇಬ್ಬರ ಕರುಳಿನ ಜೀವಿಗಳನ್ನು ಬ್ಯಾಕ್ಟೀರಿಯಾರಹಿತವಾಗಿ ಬೆಳೆಸಿದ ಇಲಿಗಳಿಗೆ ಬೇರೆ ಬೇರೆಯಾಗಿ ಕೊಟ್ಟಾಗ, ಸ್ಥೂಲರ ಜೀವಿಗಳನ್ನು ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಎರಡೂ ಬಗೆಯ ಇಲಿಗಳನ್ನು ಒಂದೇ ಪಂಜರದಲ್ಲಿಟ್ಟಾಗ ಕೃಶ ಇಲಿಗಳ ಜೀವಿಗಳು ಇನ್ನೊಂದರ ಕರುಳಿನಲ್ಲಿ ನೆಲೆಯೂರಿ ಕೊಬ್ಬು ಏರುವುದನ್ನು ತಡೆದವು. ಆದರೆ ಅದು ಆದದ್ದು ಕಡಿಮೆ ಕೊಬ್ಬು, ಹೆಚ್ಚು ನಾರಿನ ಆಹಾರ ಕೊಟ್ಟಾಗ. ಕೊಬ್ಬು ಹೆಚ್ಚಿದ್ದು ನಾರು ಕಡಿಮೆಯಿದ್ದ ಆಹಾರ ಕೊಟ್ಟಾಗ ಅದೇ ಜೀವಿಗಳು ಬೇರೂರಲಿಲ್ಲ. ಬ್ಯಾಕ್ಟೀರಿಯಾವನ್ನು ಒಳಗೆ ಕಳಿಸಿದರೆ ಸಾಲದು, ಅದಕ್ಕೆ ಅಲ್ಲಿ ಅನ್ನವಿರಬೇಕು.

ಹೆಸರು ಒಂದೇ, ಕೆಲಸ ಬೇರೆ

ನಾರಿನಂಶವನ್ನು ಅರಗಿಸುವ ಕಿಣ್ವಗಳು ನಮ್ಮಲ್ಲಿಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಆ ಕೋಶಗಳು ಅದನ್ನು ಉರಿಸುವಾಗ ಆಮ್ಲಜನಕ ಬಳಕೆಯಾಗಿ, ಕರುಳಿನೊಳಗೆ ಆಮ್ಲಜನಕ ಸೋರುವುದು ತಪ್ಪುತ್ತದೆ. ಆಮ್ಲಜನಕ ಸಿಕ್ಕರೆ ಕೊಬ್ಬಬಲ್ಲ ಸಾಲ್ಮೊನೆಲ್ಲಾದಂಥವುಗಳಿಗೆ ಅವಕಾಶವೇ ಸಿಗುವುದಿಲ್ಲ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಿರುವ ಘನಾಂಶ ಒಂದು ಬಗೆಯ ಸಂಕೀರ್ಣ ಸಕ್ಕರೆಗಳು. ಮಗು ಅವನ್ನು ಅರಗಿಸಿಕೊಳ್ಳಲಾರದು. ಅರಗಿಸಿಕೊಳ್ಳುವುದು ಮಗುವಿನ ಕರುಳಿನ ಬಿಫಿಡೊಬ್ಯಾಕ್ಟೀರಿಯಾಗಳು. ತಾಯಿಯ ದೇಹ ಇಷ್ಟೊಂದು ಶಕ್ತಿ ವ್ಯಯಿಸಿ, ಮಗುವಿನೊಳಗೆ ನೆಲೆಸುವ ಬೇರೊಂದು ಜೀವಿಗೆ ಉಣಿಸುತ್ತದೆ ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಔಷಧಗಳ ಮಾತು ಇನ್ನೂ ನೇರ. ಹೃದಯ ವೈಫಲ್ಯಕ್ಕೆ ಕೊಡುವ ಡಿಗಾಕ್ಸಿನ್ ಕೆಲವರಲ್ಲಿ ಕೆಲಸ ಮಾಡದಿರಲು ಕರುಳಿನ ಎಗ್ಗರ್ಥೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು 1980ರ ದಶಕದಲ್ಲಿ ತಿಳಿದಿತ್ತು. ಆದರೆ ಆ ಬ್ಯಾಕ್ಟೀರಿಯಾ ಇದ್ದವರಲ್ಲಿಯೂ ಔಷಧ ಸರಿಯಾಗಿ ಕೆಲಸ ಮಾಡುತ್ತಿದ್ದುದು ಗೊಂದಲವಾಗಿತ್ತು. ಡಿಗಾಕ್ಸಿನ್ ಕೆಡಿಸುವ ಜೀನುಗಳು ಅದರ ಕೆಲವು ತಳಿಗಳಲ್ಲಿ ಮಾತ್ರ ಇವೆಯೆಂದೂ, ಆರ್ಜಿನಿನ್ ಎಂಬ ಅಮೈನೊ ಆಮ್ಲ ಹೇರಳವಾಗಿದ್ದಾಗ ಆ ಜೀನುಗಳು ಸುಮ್ಮನಾಗುತ್ತವೆಯೆಂದೂ ಪೀಟರ್ ಟರ್ನ್‌ಬಾ ಅವರ ತಂಡ 2013ರಲ್ಲಿ ಕಂಡುಕೊಂಡಿತು. ಹೆಸರು, ತಳಿ, ಜೀನು ಎಲ್ಲ ಇದ್ದೂ ಅದು ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದು ಆ ದಿನದ ಊಟದ ಮೇಲೆ ಬದಲಾಗಬಹುದು. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾ ಮೆದುಳು ಮುಟ್ಟುವ ಮೊದಲೇ ಅದನ್ನು ಕರುಳಿನಲ್ಲಿ ಒಡೆಯುವ ಎಂಟೆರೊಕಾಕಸ್ ಫೀಕಾಲಿಸ್‌ನ ಕಿಣ್ವವನ್ನು 2019ರಲ್ಲಿ ಗುರುತಿಸಲಾಯಿತು.

ಹಾಗಾದರೆ ಆಂಟಿಬಯೋಟಿಕ್ ಮುಗಿದ ಮೇಲೆ ಪ್ರೋಬಯೋಟಿಕ್, ಅಂದರೆ ಹಿತಕರವೆಂದು ಕೊಡುವ ಜೀವಂತ ಬ್ಯಾಕ್ಟೀರಿಯಾಗಳನ್ನು ನುಂಗಿದರೆ ಆಯಿತಲ್ಲವೇ ಎಂದು ಅಪ್ಪನ ಕಾಯಿಲೆಯ ದಿನಗಳಲ್ಲಿ ಎಷ್ಟೋ ಮಂದಿ ಹೇಳಿದ್ದರು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಂಟಿಬಯೋಟಿಕ್ ನಂತರ ಹಲವು ತಳಿಗಳ ಪ್ರೋಬಯೋಟಿಕ್ ತೆಗೆದುಕೊಂಡವರ ಸ್ವಂತ ಜೀವಿಗಳು ಮರಳಿ ನೆಲೆಗೊಳ್ಳುವುದು, ಏನನ್ನೂ ತೆಗೆದುಕೊಳ್ಳದವರಿಗಿಂತ ತಡವಾಯಿತು. ಮೊದಲೇ ಶೇಖರಿಸಿಟ್ಟ ತಮ್ಮದೇ ಮಲವನ್ನು ಮರಳಿ ಪಡೆದವರು ಕೆಲವೇ ದಿನಗಳಲ್ಲಿ ಮೊದಲಿನಂತಾದರು.

ಹಾಗೆಂದು ಪ್ರೋಬಯೋಟಿಕ್‌ಗಳೆಲ್ಲ ವ್ಯರ್ಥವೆಂದು ಹೇಳುವುದೂ ಅಷ್ಟೇ ಅವಸರದ ಮಾತಾಗುತ್ತದೆ. ಈ ಕ್ಷೇತ್ರದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಅಧ್ಯಯನಗಳಲ್ಲಿ ಒಂದು ಒಡಿಶಾದ ಹಳ್ಳಿಗಳಲ್ಲಿ ನಡೆಯಿತು. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳನ್ನು ಆರಿಸಿ, ಅರ್ಧದಷ್ಟು ಶಿಶುಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನೂ ಅದರ ಆಹಾರವಾದ ಒಂದು ಸಕ್ಕರೆಯನ್ನೂ ಏಳು ದಿನ ಬಾಯಿಯ ಮೂಲಕ ಕೊಟ್ಟರು. ಎರಡು ತಿಂಗಳೊಳಗೆ ಸೆಪ್ಸಿಸ್ (ಸೋಂಕು ಮೈಯೆಲ್ಲ ಕೆಡಿಸುವ ಮಾರಕ ಸ್ಥಿತಿ) ಇಲ್ಲವೇ ಸಾವಿಗೆ ತುತ್ತಾದ ಶಿಶುಗಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತೆಂದು 2017ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಅವರು ಆರಿಸಿಕೊಂಡದ್ದು 35 ವಾರ ತುಂಬಿ, ಕನಿಷ್ಠ 2,000 ಗ್ರಾಂ ತೂಕದೊಡನೆ ಹುಟ್ಟಿದ, ಸೋಂಕಿನ ಲಕ್ಷಣವಿಲ್ಲದ ಶಿಶುಗಳನ್ನು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವೈದ್ಯರಿಗೆ ಕಳಿಸಿದ ಎಚ್ಚರಿಕೆ, ತಿಂಗಳು ತುಂಬದೆ 1,000 ಗ್ರಾಂಗಿಂತ ಕಡಿಮೆ ತೂಕದೊಡನೆ ಹುಟ್ಟಿ, ಪ್ರೋಬಯೋಟಿಕ್‌ನಲ್ಲಿ ಕೊಟ್ಟ ಬಿಫಿಡೊಬ್ಯಾಕ್ಟೀರಿಯಮ್ ಲಾಂಗಮ್ ರಕ್ತಕ್ಕೆ ಸೇರಿದ್ದರಿಂದ ತೀರಿಕೊಂಡ ಒಂದು ಶಿಶುವಿನ ಕುರಿತಾಗಿತ್ತು. ಇಷ್ಟು ಎಳೆಯ ಶಿಶುಗಳ ಕರುಳು ಕೊಳೆತುಹೋಗುವ ಮಾರಕ ಕಾಯಿಲೆಯನ್ನು ತಡೆಯಲೆಂದೇ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನು ಕೊಡುತ್ತಾರೆ, ಅದರಿಂದ ಉಪಯೋಗವಾಗುತ್ತದೆಂದು ತೋರಿಸುವ ಪ್ರಯೋಗಗಳೂ ಇವೆ. ಯಾವ ತೂಕದ ಶಿಶುವಿಗೆ, ಯಾವ ತಳಿಯನ್ನು, ಯಾವ ದಿನದಿಂದ ಕೊಡಬೇಕು, ಯಾರಿಗೆ ಕೊಡಲೇಬಾರದು ಎಂಬುದರ ಬಗ್ಗೆ ಶಿಶುವೈದ್ಯರ ನಡುವೆ ಚರ್ಚೆ ಇನ್ನೂ ನಡೆಯುತ್ತಲೇ ಇದೆ.